ಮೂರನೇ ಮಹಡಿಯ ಕಬ್ಬಿಣ

ಗ್ಯುಮ್ರಿಯಲ್ಲಿ ಬೆಳಿಗ್ಗೆ ನೀರು ಮೊದಲು ಕೆಮ್ಮುತ್ತದೆ,
ಆಮೇಲೆ ಹಾಲಿಲ್ಲದ ಚಹಾದ ಬಣ್ಣದಲ್ಲಿ ಬರುತ್ತದೆ,
ಆಮೇಲೆ, ಮನಸ್ಸಿದ್ದರೆ, ನೀರಾಗುತ್ತದೆ.

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ.
ಕೊಯ್ದ ಪೈಪಿನ ತುಂಡೊಂದನ್ನು ಕಣ್ಣಿಗೆ ಹಿಡಿದರೆ ಸಾಕು,
ಮನೆಯ ವಯಸ್ಸು ಹೇಳುತ್ತೇನೆ.
ನೆಲಮಾಳಿಗೆಯಲ್ಲಿ ಕೊಯ್ದ ಇದರೊಳಗೆ
ತುಕ್ಕು ಸುತ್ತಲಿಂದ ಬೆಳೆದು ಬೆಳೆದು
ಉಳಿದದ್ದು ಒಂದು ಪೆನ್ಸಿಲ್ ತೂರುವಷ್ಟು ದಾರಿ.
ಅಷ್ಟರಲ್ಲೇ ಐದು ಮಹಡಿ ಸಾರು ಕುದಿಸಿ,
ಮಕ್ಕಳ ತಲೆ ತೊಳೆದು, ಬಟ್ಟೆ ಜಾಲಿಸಿ
ಜಗಳವಾಡಿಕೊಂಡು ಬದುಕಿತ್ತು.

ನಿಂತ ಪೈಪು ಯಾರೊಬ್ಬರ ಸೊತ್ತೂ ಅಲ್ಲ.
ಐದು ಅಡುಗೆಮನೆಗಳನ್ನು ದಾರದ ಹಾಗೆ ಪೋಣಿಸಿರುತ್ತದೆ.
ನಡುವೆ ಒಬ್ಬರು ಬೇಡವೆಂದರೆ
ಮೇಲಿನ ಹೊಸದೂ ದಂಡ, ಕೆಳಗಿನ ಹೊಸದೂ ದಂಡ.

ಐದನೆಯವರು ಒಪ್ಪಿದರು.
ನಾಲ್ಕನೆಯ ಹಮಾಜಾಸ್ಪ್ ತನ್ನ ಇಟಲಿಯ ಟೈಲ್ಸನ್ನು
ತಾನೇ ಒಡೆದುಕೊಟ್ಟ, ಪ್ರತಿ ಏಟಿಗೂ ಬೆಲೆ ಹೇಳುತ್ತ.
ಎರಡನೆಯದಕ್ಕೆ ಬೀಗ; ಕೀಲಿ ಮಾಸ್ಕೋದಿಂದ
ಬಸ್ ಡ್ರೈವರನ ಜೇಬಿನಲ್ಲಿ ಬಂತು.
ಮೂರನೆಯದು ಮಾತ್ರ ಕಬ್ಬಿಣದ ಕಡಲೆ.

ವಾರ್ಸೆನಿಕ್. ಕಾಲುಚೀಲದ ಕಾರ್ಖಾನೆಯಲ್ಲಿ ಇದ್ದವಳು.
ಎಪ್ಪತ್ತೊಂದು. ಬಾಗಿಲಲ್ಲೇ ನಿಂತು ಬೇಡ ಅಂದಳು.
ಕೊಯ್ದ ತುಂಡು ತೋರಿಸಿದೆ.
'ನನಗೆ ಪೆನ್ಸಿಲ್‌ನಷ್ಟು ಸಾಕು.'
ದುಡ್ಡಿನ ಚಿಂತೆಯೇನೋ ಅಂದುಕೊಂಡು ಕಂತು ಅಂದೆ.
ಬಾಗಿಲು ಹಾಕಿಕೊಂಡಳು.

ನಾಲ್ಕನೇ ದಿನ ಒಳಗೆ ಕರೆದು ಕಾಫಿ ಕೊಟ್ಟಳು.
ನನ್ನ ಚೀಲದಿಂದ ಬಿಳಿ ಪ್ಲಾಸ್ಟಿಕ್ ಪೈಪು ಎಳೆದು
ಚಮಚದಿಂದ ತಟ್ಟಿದಳು.
ಒದ್ದೆ ರಟ್ಟಿಗೆ ಹೊಡೆದ ಹಾಗೆ, ಅಲ್ಲೇ ಸತ್ತಿತು.
ಆಮೇಲೆ ಗೋಡೆಯ ಕಬ್ಬಿಣಕ್ಕೆ ತಟ್ಟಿದಳು.
ಅದು ಹೊರಟಿತು: ಮೇಲೆ ಹಮಾಜಾಸ್ಪನ ಮನೆಗೆ,
ಕೆಳಗೆ ಬೀಗದ ಮನೆಯನ್ನೂ ದಾಟಿ
ನೆಲಮಾಳಿಗೆಯ ಆಲೂಗಡ್ಡೆ ಚೀಲಗಳವರೆಗೆ.

'ಎಂಬತ್ತೆಂಟರ ಡಿಸೆಂಬರಿನಲ್ಲಿ' ಅಂದಳು.
ಅಷ್ಟು ಸಾಕು. ಈ ಊರಲ್ಲಿ ಆ ವಾಕ್ಯವನ್ನು
ಯಾರೂ ಪೂರ್ತಿ ಮಾಡುವುದಿಲ್ಲ.
ಅವಳು ಮಾಡಿದಳು.

ಬೇರೆ ಬೀದಿ. ಒಂಬತ್ತು ಮಹಡಿ. ಅದರ ಕೆಳಗೆ ಅವಳು,
ರಾತ್ರಿಪಾಳಿ ಮುಗಿಸಿ ಬಂದು ಆಲೂಗಡ್ಡೆ ಸುಲಿಯುತ್ತಿದ್ದ
ಚಾಕು ಇನ್ನೂ ಕೈಯಲ್ಲೇ.
ಎಟಕುವಷ್ಟು ದೂರದಲ್ಲಿ ಒಂದು ಪೈಪು.
ಮೂರು ಸಲ ತಟ್ಟಿದಳು. ಎಲ್ಲಿಂದಲೋ ಮೂರು ಬಂತು.
ನಾಲ್ಕು ತಟ್ಟಿದರೆ ನಾಲ್ಕು.
ಗಂಡಸೋ ಹೆಂಗಸೋ ಮಗುವೋ, ಕಬ್ಬಿಣ ಹೇಳಲಿಲ್ಲ.
ಎರಡನೇ ರಾತ್ರಿ ಐದು ತಟ್ಟಿದಳು.
ಎರಡು ಬಂತು.
ಮೂರನೆಯದಕ್ಕಾಗಿ ಕಿವಿ ಹಚ್ಚಿ ಕಾಯುತ್ತಿದ್ದಾಗ
ನಾಯಿಗಳು, ಬೆಳಕು, ಯಾರದೋ ಕೈಗವಸು.

ನನಗಾಗ ಹತ್ತು ವರ್ಷ. ಶಾಲೆಯ ಅಂಗಳದಲ್ಲಿದ್ದೆ.
ಅಂಗಳದಲ್ಲಿದ್ದವರು ಉಳಿದರು.
ಅದನ್ನು ಅವಳಿಗೆ ಹೇಳಲಿಲ್ಲ;
ಬಟ್ಟಲಿನ ತಳದ ಕಾಫಿ ಗಸಿ ನೋಡುತ್ತ ಕೂತೆ.

ಹೊಸ ಪೈಪನ್ನು ಹಳೆಯದರ ಪಕ್ಕದಲ್ಲೇ ಏರಿಸಿದೆ.
ಹಳೆಯದರ ನೀರು ಬಸಿದು, ಎರಡೂ ತುದಿಗೆ
ಮುಚ್ಚಳ ತಿರುಗಿಸಿ, ಹಾಗೇ ಬಿಟ್ಟೆ.
ಈ ತುಕ್ಕು ಯಾಕಪ್ಪಾ ಇನ್ನೂ, ಎಂದರು ಉಳಿದವರು.
ಕಿತ್ತರೆ ಚಾವಣಿ ಬಿರುಕು ಬಿಡುತ್ತೆ, ಅಂದೆ.
ಸುಳ್ಳು. ಆದರೆ ಈ ಊರಲ್ಲಿ
ಬಿರುಕು ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.
ಹಮಾಜಾಸ್ಪ್ ಅದಕ್ಕೆ ಹಸಿರು ಬಣ್ಣ ಬಳಿದುಕೊಂಡ.

ಕೊನೆಗೆ ವಾರ್ಸೆನಿಕ್ ಚೌಕಾಶಿ ಮಾಡಿಯೇ ದುಡ್ಡು ಎಣಿಸಿದಳು.
ಅವಳ ನಲ್ಲಿ ತಿರುಗಿಸಿದೆ. ಕೆಮ್ಮಲಿಲ್ಲ.
'ಒಣ ಕಬ್ಬಿಣ ಇನ್ನೂ ಚೆನ್ನಾಗಿ ಕೇಳಿಸುತ್ತೆ' ಅಂದೆ, ಸಮಾಧಾನಕ್ಕೆ.
'ನೀರಿದ್ದರೆ ದನಿ ಮಂದ.'

'ಗೊತ್ತು' ಅಂದಳು, ಲೋಟ ನಲ್ಲಿಯ ಕೆಳಗೆ ಹಿಡಿದು.
'ಆಗಲೂ ನೀರಿರಲಿಲ್ಲ.'